ಯಾರ ಕಿವಿಗೆ ಯಾವ ಆಲ್ಬಮ್?

"ಕೇಳೋಕೆ ಏನಾದ್ರೂ ಒಳ್ಳೇದು ಹೇಳಿ" ಎಂದು ಯಾರಾದರೂ ಅಂದರೆ ಸಾಕು, ಸಂಗೀತದ ಹುಚ್ಚಿರುವವರು ಒಂದೇ ಉಸಿರಿಗೆ ಹತ್ತು ಹೆಸರು ಹೇಳಿಬಿಡುತ್ತಾರೆ. ಕೇಳಿದವರು ತಲೆಯಾಡಿಸುತ್ತಾರೆ, ಫೋನಿನಲ್ಲಿ ಬರೆದಿಟ್ಟುಕೊಳ್ಳುತ್ತಾರೆ, ಆಮೇಲೆ ಒಂದನ್ನೂ ಕೇಳುವುದಿಲ್ಲ. ಅವರದೇನೂ ತಪ್ಪಿಲ್ಲ. ಎಲ್ಲಿಂದ ಶುರು ಮಾಡಬೇಕೆಂದು ಆರಿಸಿಕೊಡಲಿ ಎಂದೇ ಅವರು ನಮ್ಮನ್ನು ಕೇಳಿದ್ದು. ಹತ್ತು ಹೆಸರು ಕೊಟ್ಟು ಆ ಕೆಲಸವನ್ನು ನಾವು ಮತ್ತೆ ಅವರ ತಲೆಗೇ ಕಟ್ಟಿದೆವು.

ಹಾಗಾಗಿ ನಾನು ಒಬ್ಬರಿಗೆ ಒಂದು ಸಲಕ್ಕೆ ಒಂದೇ ಆಲ್ಬಮ್ ಹೇಳುತ್ತೇನೆ. ಜೊತೆಗೆ ಯಾವ ಟ್ರ್ಯಾಕ್‌ನಿಂದ ಶುರು ಮಾಡಬೇಕು, ಎಲ್ಲಿ ಕಿವಿಗೊಡಬೇಕು ಎಂದು ಎರಡು ಮಾತು. ನಾನು ಮೃದಂಗ ಕಲಿತವಳು. ಯಾವ ಸಂಗೀತ ಹಾಕಿದರೂ ನನ್ನ ಕಿವಿ ಮೊದಲು ಹೋಗುವುದು ಲಯದ ಕಡೆಗೆ. ಆದರೆ ಬೇರೆಯವರಿಗೆ ಹೇಳುವಾಗ ನನ್ನ ಕಿವಿಯನ್ನು ಪಕ್ಕಕ್ಕಿಟ್ಟು, ಎದುರಿಗಿರುವವರ ಕಿವಿ ಎಂಥದ್ದು ಎಂದು ಮೊದಲು ತಿಳಿದುಕೊಳ್ಳುತ್ತೇನೆ. ಅದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಕೇಳಬೇಕಾದ ಎರಡು ಪ್ರಶ್ನೆ

"ನಿಮಗೆ ಯಾವ ಥರದ ಸಂಗೀತ ಇಷ್ಟ?" ಎಂದು ಕೇಳಬೇಡಿ. "ಎಲ್ಲಾ ಥರದ್ದೂ ಕೇಳ್ತೀನಿ" ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ನಾನು ಕೇಳುವುದು ಇಷ್ಟು: ಇತ್ತೀಚೆಗೆ ಮತ್ತೆ ಮತ್ತೆ ಹಾಕಿಕೊಂಡು ಕೇಳಿದ ಹಾಡು ಯಾವುದು? ಆ ಹಾಡಿನಲ್ಲಿ ಯಾವ ಜಾಗ ಬರಲಿ ಅಂತ ಕಾಯ್ತೀರಿ?

ಎರಡನೇ ಪ್ರಶ್ನೆಗೆ ಉತ್ತರಿಸುವಾಗ ಜನ ತಮ್ಮ ಕಿವಿಯ ಗುಟ್ಟು ಬಿಟ್ಟುಕೊಡುತ್ತಾರೆ. ಕೆಲವರು ಒಂದು ಸಾಲು ಹೇಳುತ್ತಾರೆ. ಅವರದು ಮಾತು ಹಿಡಿಯುವ ಕಿವಿ. ಕೆಲವರು ಗುನುಗಿ ತೋರಿಸುತ್ತಾರೆ. ಕೆಲವರ ಬೆರಳು ತಾನಾಗಿಯೇ ಮೇಜಿನ ಮೇಲೆ ಕುಟ್ಟಲು ಶುರುವಾಗುತ್ತದೆ. ಇನ್ನು ಕೆಲವರಿಗೆ ಹೇಳಲು ಬರುವುದಿಲ್ಲ, "ಅಲ್ಲೊಂದು ಸೌಂಡ್ ಬರುತ್ತಲ್ಲ..." ಎಂದು ಕೈಯನ್ನು ಗಾಳಿಯಲ್ಲಿ ಆಡಿಸುತ್ತಾರೆ. ಜಾಝ್, ರಾಕ್, ಶಾಸ್ತ್ರೀಯ, ಹಿಪ್ ಹಾಪ್ ಎಂಬ ವಿಂಗಡಣೆಯೆಲ್ಲ ಕಪಾಟಿನಲ್ಲಿ ಜೋಡಿಸಿಡಲು ಬೇಕಾದದ್ದು. ಕಿವಿಯ ಹಸಿವು ಈ ಕಪಾಟುಗಳನ್ನು ಲೆಕ್ಕಕ್ಕಿಡುವುದಿಲ್ಲ. ಸಂಗೀತ ಕಛೇರಿಯಲ್ಲಿ ತನಿ ಆವರ್ತನಕ್ಕೆ (ತಾಳವಾದ್ಯದವರು ಮಾತ್ರ ನುಡಿಸುವ ಭಾಗಕ್ಕೆ) ಕಾಯುವವರಿಗೆ ನೈಜೀರಿಯಾದ ಡ್ರಮ್ಸ್ ಬಹಳ ಹತ್ತಿರ. ಅದೇ ಕಛೇರಿಯಲ್ಲಿ ಸಾಹಿತ್ಯಕ್ಕಾಗಿ ಕೂತವರಿಗೆ ಅದೇ ಡ್ರಮ್ಸ್ ಬರೀ ಗದ್ದಲ ಅನ್ನಿಸಬಹುದು.

ಹಾಡು ಬೇರೆ, ಆಲ್ಬಮ್ ಬೇರೆ

ಒಳ್ಳೆಯ ಹಾಡುಗಳನ್ನು ಒಟ್ಟಿಗೆ ಹಾಕಿದ ಮಾತ್ರಕ್ಕೆ ಆಲ್ಬಮ್ ಆಗಿ ಹೇಳಬೇಕಾದ ವಸ್ತುವಾಗುವುದಿಲ್ಲ. 78 ಆರ್‌ಪಿಎಂ ತಟ್ಟೆಗಳ ಕಾಲದಲ್ಲಿ ಒಂದು ಸೈಡಿಗೆ ಮೂರು ನಾಲ್ಕು ನಿಮಿಷವಷ್ಟೇ ಹಿಡಿಯುತ್ತಿತ್ತು. 1948ರಲ್ಲಿ ಕೊಲಂಬಿಯಾ ಕಂಪನಿ 33⅓ ಆರ್‌ಪಿಎಂನ ಎಲ್‌ಪಿ ಹೊರತಂದ ಮೇಲೆ ಒಂದೊಂದು ಸೈಡಿಗೂ ಇಪ್ಪತ್ತು ನಿಮಿಷದ ಮೇಲೆ ಜಾಗ ಸಿಕ್ಕಿತು. ಒಂದು ಭಾವವನ್ನು ಎತ್ತಿಕೊಂಡು, ಬೆಳೆಸಿ, ಮುಗಿಸುವಷ್ಟು ಪುರುಸೊತ್ತು ಅದು. ಆ ಪುರುಸೊತ್ತನ್ನು ಬಳಸಿಕೊಂಡ ಆಲ್ಬಮ್‌ಗಳನ್ನೇ ನಾನು ಹೇಳುವುದು. ಪರೀಕ್ಷೆ ಸುಲಭ: ಟ್ರ್ಯಾಕ್‌ಗಳ ಕ್ರಮವನ್ನು ಅದಲು ಬದಲು ಮಾಡಿ ಕೇಳಿ. ಏನೂ ಕೆಡದಿದ್ದರೆ ಅದರಿಂದ ಒಂದೆರಡು ಹಾಡು ಕಳಿಸಿದರೆ ಸಾಕು.

ಪಿಂಕ್ ಫ್ಲಾಯ್ಡ್ ತಂಡದ 'ದ ಡಾರ್ಕ್ ಸೈಡ್ ಆಫ್ ದ ಮೂನ್' (1973) ಎದೆಬಡಿತದಿಂದ ಶುರುವಾಗಿ ಎದೆಬಡಿತದಲ್ಲೇ ಮುಗಿಯುತ್ತದೆ. ನಡುವೆ ಒಂದು ಹಾಡು ಇನ್ನೊಂದರೊಳಕ್ಕೆ ಹರಿಯುತ್ತದೆ. ಶಿವಕುಮಾರ ಶರ್ಮ, ಹರಿಪ್ರಸಾದ್ ಚೌರಾಸಿಯಾ, ಬ್ರಿಜ್‌ಭೂಷಣ್ ಕಾಬ್ರಾ ಸೇರಿ ಮಾಡಿದ 'ಕಾಲ್ ಆಫ್ ದ ವ್ಯಾಲಿ' (1967) ಕಾಶ್ಮೀರದ ಕುರಿ ಕಾಯುವವನ ಒಂದು ದಿನ. ಬೆಳಗಿಗೆ ಅಹಿರ್ ಭೈರವ್, ಸಂಜೆಗೆ ಭೂಪ್, ಆಮೇಲೆ ದೇಸ್, ಕೊನೆಗೆ ಪಹಾಡಿ. ಕ್ರಮ ತಪ್ಪಿಸಿದರೆ ಅವನ ದಿನವೇ ತಲೆಕೆಳಗಾಗುತ್ತದೆ. ಒಂದು ಆಲ್ಬಮನ್ನೂ ಇಡಿಯಾಗಿ ಕೂತು ಕೇಳದವರು ಸಿಕ್ಕರೆ ನಾನು ಮೊದಲು ಹೇಳುವುದು ಇದನ್ನೇ. ಸಂತೂರ್, ಕೊಳಲು, ಗಿಟಾರ್ ಮೂರರ ದನಿಯೂ ಬೇರೆ ಬೇರೆಯಾದ್ದರಿಂದ ಹೊಸಬರಿಗೂ ಯಾರು ಯಾವಾಗ ಮಾತಾಡುತ್ತಿದ್ದಾರೆ ಎಂದು ಗುರುತು ಸಿಗುತ್ತದೆ. ರಾಗದ ಹೆಸರು ಗೊತ್ತಿರಬೇಕಾಗಿಲ್ಲ, ಹೊತ್ತು ಗೊತ್ತಿದ್ದರೆ ಆಯಿತು.

'ಕೈಂಡ್ ಆಫ್ ಬ್ಲೂ' ಹೇಳುವ ಬಗೆ

ನಮ್ಮ ಭಾವ ಶಾಸ್ತ್ರೀಯ ಸಂಗೀತ ಬಿಟ್ಟು ಬೇರೇನೂ ಕೇಳದವರು. "ಜಾಝ್ ನನ್ನ ತಲೆಗೆ ಹತ್ತಲ್ಲ ಕಣಮ್ಮ, ಎಲ್ಲರೂ ಒಟ್ಟಿಗೆ ಮಾತಾಡಿದ ಹಾಗಿರುತ್ತೆ" ಅನ್ನುತ್ತಿದ್ದರು. ಅವರಿಗೆ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' (1959) ಹೇಳುವಾಗ ನಾನು ಜಾಝ್ ಎಂಬ ಮಾತನ್ನೇ ಎತ್ತಲಿಲ್ಲ. "ಭಾವ, ಮೊದಲನೇ ಟ್ರ್ಯಾಕ್ 'ಸೋ ವಾಟ್' ಹಾಕಿ. ಅದರಲ್ಲಿ ಖರಹರಪ್ರಿಯ ರಾಗದ ಸ್ವರಗಳಿವೆ, ಸಿಗ್ತಾವಾ ನೋಡಿ" ಎಂದೆ.

ಇದು ಆಕರ್ಷಿಸಲು ಹೇಳಿದ ಸುಳ್ಳಲ್ಲ. ಅದಕ್ಕೆ ಮುಂಚಿನ ಜಾಝ್‌ನಲ್ಲಿ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಬಿರಬಿರನೆ ಬದಲಾಗುತ್ತಿದ್ದವು, ನುಡಿಸುವವರು ಅವುಗಳ ಹಿಂದೆ ಓಡಬೇಕಿತ್ತು. ಡೇವಿಸ್ ಈ ಆಲ್ಬಮ್‌ನಲ್ಲಿ ಆ ಓಟ ನಿಲ್ಲಿಸಿ, ಒಂದು ಸ್ವರಶ್ರೇಣಿಯನ್ನು ಕೊಟ್ಟು, ಅದರಲ್ಲೇ ಬಹಳ ಹೊತ್ತು ನಿಲ್ಲಿ ಎಂದ. 'ಸೋ ವಾಟ್' ನಡೆಯುವುದು ಪಾಶ್ಚಾತ್ಯರು ಡೋರಿಯನ್ ಅನ್ನುವ ಶ್ರೇಣಿಯಲ್ಲಿ. ಅದರ ಸ್ವರಸ್ಥಾನಗಳು ಖರಹರಪ್ರಿಯದವೇ, ಹಿಂದುಸ್ತಾನಿಯವರಿಗೆ ಕಾಫಿ ಥಾಟ್. ಸ್ವರವನ್ನು ಅಲುಗಿಸಿ ಜಾರಿಸುವ ಗಮಕ ಇಲ್ಲ, ರಾಗದ ಸಂಚಾರವೂ ಇಲ್ಲ, ಹಾಗಾಗಿ ರಾಗ ಎಂದು ಹೇಳಬೇಡಿ, ಸ್ವರ ಎಂದಷ್ಟೇ ಹೇಳಿ. ನಾಲ್ಕು ಎಣಿಕೆಯ ಬಾರ್‌ಗಳು 32. ಮೊದಲ 16 ಒಂದು ಆಧಾರದಲ್ಲಿ, ಮುಂದಿನ 8 ಇಡೀ ಶ್ರೇಣಿ ಅರ್ಧ ಸ್ವರ ಮೇಲಕ್ಕೆ, ಉಳಿದ 8 ಮತ್ತೆ ಮೊದಲಿನ ಜಾಗಕ್ಕೆ. ತಾಳ ಹಾಕಿಕೊಂಡು ಕೂತರೆ ಆ ಏರಿಳಿತ ಪ್ರತಿ ಆವರ್ತದಲ್ಲೂ ಸಿಕ್ಕೇ ಸಿಗುತ್ತದೆ. ಒಂದು ಸಲ ಸಿಕ್ಕಿತೆಂದರೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದಾರೆ ಅನ್ನಿಸುವುದಿಲ್ಲ.

ಶುರುವಿನಲ್ಲಿ ಪಿಯಾನೊ ಮತ್ತು ಬಾಸ್ ತಡವರಿಸಿದ ಹಾಗೆ ಒಂದಿಷ್ಟು ನುಡಿಸುತ್ತವೆ. ಆಮೇಲೆ ಬಾಸ್ ಒಂದು ಪ್ರಶ್ನೆ ಕೇಳುತ್ತದೆ, ಉಳಿದವರು ಎರಡೇ ಹೊಡೆತದಲ್ಲಿ ಉತ್ತರ ಕೊಡುತ್ತಾರೆ. ಅದು ಮುಗಿದ ಮೇಲೆ ಸರದಿ: ಡೇವಿಸ್‌ನ ಟ್ರಂಪೆಟ್, ಜಾನ್ ಕೋಲ್ಟ್ರೇನ್‌ನ ಟೆನರ್ ಸ್ಯಾಕ್ಸೊಫೋನ್, ಕ್ಯಾನನ್‌ಬಾಲ್ ಆಡರ್ಲಿಯ ಆಲ್ಟೊ ಸ್ಯಾಕ್ಸೊಫೋನ್, ಬಿಲ್ ಇವಾನ್ಸ್‌ನ ಪಿಯಾನೊ. ಒಂದೇ ಸ್ವರಗಳಲ್ಲಿ ನಾಲ್ಕು ಸ್ವಭಾವ. ಡೇವಿಸ್ ಎರಡು ಸ್ವರ ಊದಿ ಸುಮ್ಮನಾಗುತ್ತಾನೆ, ಆ ಖಾಲಿ ಜಾಗವೂ ಅವನದೇ. ಕೋಲ್ಟ್ರೇನ್‌ಗೆ ಅಷ್ಟು ಸಮಾಧಾನ ಇಲ್ಲ, ಶ್ರೇಣಿಯ ಮೂಲೆಮೂಲೆಯನ್ನೂ ತಡಕಾಡುತ್ತಾನೆ. ಆಡರ್ಲಿ ಬಂದ ಕೂಡಲೇ ಮುಖ ಅರಳುತ್ತದೆ. ಭಾವನಿಗೆ ನಾನು ಈ ಸರದಿಯನ್ನು ಮೊದಲೇ ಬರೆದು ಕಳಿಸಿದ್ದೆ. ವಾದ್ಯದ ದನಿ ಗುರುತಿಲ್ಲದವರಿಗೆ ಇದು ದೊಡ್ಡ ಸಹಾಯ, ಮರೆಯದೆ ಮಾಡಿ.

ಇದನ್ನು ಹೇಳುವಾಗ ಇನ್ನೊಂದು ವಿಷಯವನ್ನೂ ಹೇಳಬೇಕು. ಧ್ವನಿಮುದ್ರಣ ನಡೆದದ್ದು 1959ರ ಮಾರ್ಚ್ 2 ಮತ್ತು ಏಪ್ರಿಲ್ 22, ಎರಡೇ ದಿನ. ಮೊದಲ ದಿನದ ಟೇಪ್ ಯಂತ್ರ ಸ್ವಲ್ಪ ನಿಧಾನ ಓಡಿದ್ದರಿಂದ ಮೊದಲ ಸೈಡಿನ ಮೂರು ಟ್ರ್ಯಾಕ್‌ಗಳು ಹಳೆಯ ಮುದ್ರಣಗಳಲ್ಲಿ ತುಸು ವೇಗವಾಗಿ, ತುಸು ಏರಿದ ಶ್ರುತಿಯಲ್ಲಿ ಕೇಳುತ್ತವೆ. 1990ರ ದಶಕದ ಮರುಮುದ್ರಣಗಳಲ್ಲಿ ಇದನ್ನು ಸರಿಪಡಿಸಿದರು. ಜೊತೆಯಲ್ಲಿ ವಾದ್ಯ ನುಡಿಸಿಕೊಂಡು ಕೇಳುವವರಿಗೆ, ಶ್ರುತಿಯ ವಿಷಯದಲ್ಲಿ ಸೂಕ್ಷ್ಮವಾಗಿರುವವರಿಗೆ ಸರಿಪಡಿಸಿದ ಮುದ್ರಣವನ್ನೇ ಕೊಡಿ.

ಲಯದ ಕಿವಿಗೆ

ನನ್ನ ಪಾಲಿಗೆ ಇದೇ ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಖುಷಿಯ ಭಾಗ. ಬೆರಳು ಕುಟ್ಟುವವರಿಗೆ ಡೇವ್ ಬ್ರೂಬೆಕ್ ಕ್ವಾರ್ಟೆಟ್‌ನ 'ಟೈಮ್ ಔಟ್' ಕೊಡಿ. ಅದೂ 1959ರದ್ದು, ನ್ಯೂಯಾರ್ಕಿನಲ್ಲಿ 'ಕೈಂಡ್ ಆಫ್ ಬ್ಲೂ' ಮುದ್ರಿಸಿದ ಅದೇ ಕೊಲಂಬಿಯಾ 30ನೇ ಬೀದಿಯ ಸ್ಟುಡಿಯೊದಲ್ಲಿ ಮುದ್ರಿಸಿದ್ದು. ಮೊದಲ ಟ್ರ್ಯಾಕ್ 'ಬ್ಲೂ ರೊಂಡೊ ಆ ಲಾ ಟರ್ಕ್' ಒಂಬತ್ತು ಎಣಿಕೆಯದು. ಟರ್ಕಿಯ ಬೀದಿ ವಾದ್ಯಗಾರರಿಂದ ಕೇಳಿದ ಲಯವನ್ನು ಬ್ರೂಬೆಕ್ ಎತ್ತಿಕೊಂಡ. ಕೊನ್ನಕ್ಕೋಲ್‌ನಲ್ಲಿ, ಅಂದರೆ ಬಾಯಲ್ಲಿ ಹೇಳುವ ಲಯದ ಸೊಲ್ಲುಗಳಲ್ಲಿ, ಹೇಳಿದರೆ: ತಕ ತಕ ತಕ ತಕಿಟ, ಹೀಗೆ ಮೂರು ಸಲ, ನಾಲ್ಕನೇ ಸಲ ತಕಿಟ ತಕಿಟ ತಕಿಟ. ಬಾಯಲ್ಲಿ ಹೇಳಿಕೊಂಡೇ ಕೇಳಲು ಹೇಳಿ. ಒಂದು ನಿಮಿಷದೊಳಗೆ ಹಿಡಿತ ಸಿಗುತ್ತದೆ.

ಅದೇ ಆಲ್ಬಮ್‌ನ 'ಟೇಕ್ ಫೈವ್' ಪಾಲ್ ಡೆಸ್ಮಂಡ್ ರಚನೆ, ಐದು ಎಣಿಕೆ. ನಮ್ಮ ಐದೆಣಿಕೆಯ ತಾಳ ಖಂಡ ಛಾಪು ಗೊತ್ತಿರುವವರು ತಕ್ಷಣ 'ತಕ ತಕಿಟ' ಹಾಕಲು ಹೋಗುತ್ತಾರೆ, ಕೂರುವುದಿಲ್ಲ. ಇಲ್ಲಿ ಮೂರು ಮೊದಲು, ಎರಡು ಆಮೇಲೆ: ತಕಿಟ ತಕ. ಪಿಯಾನೊ ಅದನ್ನು ಬಿಡದೆ ಹಿಡಿದಿರುವಾಗ ಜೋ ಮೊರೆಲ್ಲೊನ ಡ್ರಮ್ಸ್ ಸೊಲೊ ಬರುತ್ತದೆ. ಅವನು ಎಷ್ಟು ಕಡಿಮೆ ನುಡಿಸುತ್ತಾನೆ ನೋಡಿ. ತನಿಯಲ್ಲಿ ತುಂಬಿಸುವುದನ್ನೇ ಕಲಿತ ನನಗೆ ಆ ಬಿಡುವುಗಳು ಇಂದಿಗೂ ಪಾಠ.

ಇದನ್ನು ಮೆಚ್ಚಿದವರಿಗೆ ಮುಂದಿನ ದಾರಿ ಹಲವು. ಜಾನ್ ಮ್ಯಾಕ್‌ಲಾಫ್ಲಿನ್, ಎಲ್. ಶಂಕರ್, ಝಾಕಿರ್ ಹುಸೇನ್, ವಿಕ್ಕು ವಿನಾಯಕರಾಂ ಇದ್ದ 'ಶಕ್ತಿ' ತಂಡದ ಮೊದಲ ಆಲ್ಬಮ್ (1976) ವೇದಿಕೆಯ ಮೇಲೆ ಮುದ್ರಿಸಿದ್ದು. ಮೊದಲ ಟ್ರ್ಯಾಕ್ 'ಜಾಯ್' ಹದಿನೆಂಟು ನಿಮಿಷ ಉಸಿರು ಬಿಡಲು ಬಿಡುವುದಿಲ್ಲ. ಫೆಲಾ ಕುಟಿಯ 'ಝಾಂಬಿ' (1976) ಕೊಡುವಾಗ ಹಿನ್ನೆಲೆಯ ಒಂದು ಸಾಲು ಹೇಳಲೇಬೇಕು: ಆಜ್ಞೆ ಕೊಟ್ಟ ಕಡೆ ತಿರುಗುವ ನೈಜೀರಿಯಾದ ಸೈನಿಕರನ್ನೇ ಅವನು ಹಾಡಿನಲ್ಲಿ ಝಾಂಬಿ ಎಂದು ಕರೆದದ್ದು, 1977ರಲ್ಲಿ ಸೈನ್ಯ ಅವನ ಮನೆಗೆ ನುಗ್ಗಿ ಸುಟ್ಟುಹಾಕಿತು. ಅದು ಗೊತ್ತಿದ್ದು ಕೇಳಿದರೆ ಟೋನಿ ಆಲನ್‌ನ ಡ್ರಮ್ಸ್ ಮೇಲೆ ಕುಣಿಯುವ ಕಾಲಿನ ಜೊತೆ ಮೈ ಜುಮ್ಮೆನ್ನುತ್ತದೆ. ತಾಳ್ಮೆ ಇರುವವರಿಗೆ ಸ್ಟೀವ್ ರೈಕ್‌ನ 'ಮ್ಯೂಸಿಕ್ ಫಾರ್ 18 ಮ್ಯುಸಿಶಿಯನ್ಸ್' (1978). ಘಾನಾಕ್ಕೆ ಹೋಗಿ ಅಲ್ಲಿನ ಡೋಲುಗಳನ್ನು ಕಲಿತವನು ರೈಕ್. ಸುಮಾರು ಒಂದು ಗಂಟೆ ಒಂದೇ ಮಿಡಿತ, ಅದರ ಮೇಲೆ ಬದಲಾವಣೆ ಬಹಳ ಮೆಲ್ಲಗೆ. ಓಡಾಡುತ್ತಾ ಕೇಳುವುದಕ್ಕಿಂತ ಒಂದೆಡೆ ಕೂತು ಕೇಳಬೇಕಾದದ್ದು.

ಮಾತಿನ ಕಿವಿಗೆ

ನಿಸಾರ್ ಅಹಮದ್ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' (1978) ಕೇಳಿ ಬೆಳೆದವರಿಗೆ ಕವಿತೆ ಮೊದಲು, ರಾಗ ಆಮೇಲೆ ಎಂಬುದು ಸಹಜ. ಅಂಥವರಿಗೆ ಲೆನರ್ಡ್ ಕೋಹೆನ್‌ನ ಮೊದಲ ಆಲ್ಬಮ್ 'ಸಾಂಗ್ಸ್ ಆಫ್ ಲೆನರ್ಡ್ ಕೋಹೆನ್' (1967) ಹೇಳಿ. ಹಾಡುಗಾರನಾಗುವ ಮುಂಚೆ ಅವನು ಕವಿ. ಮೊದಲ ಹಾಡು 'ಸುಝಾನ್' ಕವನವಾಗಿ ಮೊದಲೇ ಅಚ್ಚಾಗಿತ್ತು. ದನಿ ಅಗಲವಿಲ್ಲ, ಏರಿಳಿತ ಕಡಿಮೆ. ಆದರೆ ಒಂದೊಂದು ಪದವೂ ಸ್ಪಷ್ಟ. ಇಂಗ್ಲಿಷ್ ಹಾಡಿನ ಮಾತು ಹಿಡಿಯುವುದು ಕಷ್ಟ ಅನ್ನುವವರಿಗೂ ಇದು ಕೈಗೆಟುಕುತ್ತದೆ. ಜೋನಿ ಮಿಚೆಲ್‌ಳ 'ಬ್ಲೂ' (1971) ಇದಕ್ಕಿಂತ ಆಪ್ತ, ಆದರೆ ಮನಸ್ಸು ಹಸಿಯಾಗಿರುವವರಿಗೆ ಅದನ್ನು ಕೊಡುವ ಮೊದಲು ಯೋಚಿಸುತ್ತೇನೆ. ನೋವಿನಲ್ಲಿರುವವರು ನೋವಿನ ಹಾಡನ್ನೇ ಕೇಳಬೇಕೆಂದಿಲ್ಲ. ಅವರನ್ನೇ ಕೇಳಿ ಕೊಡಿ.

ಮಾತಿನ ಕಿವಿಯವರು ದೂರ ಇಡುವ ಪ್ರಕಾರವೆಂದರೆ ಹಿಪ್ ಹಾಪ್. ಮಾತೇ ಪ್ರಧಾನವಾದ ಸಂಗೀತವನ್ನು ಮಾತಿನ ಪ್ರೇಮಿಗಳೇ ಕೇಳದಿರುವುದು ನನಗೆ ನಿಜಕ್ಕೂ ಬೇಸರ ತರುತ್ತದೆ. ನಾಸ್‌ನ 'ಇಲ್‌ಮ್ಯಾಟಿಕ್' (1994) ಹತ್ತು ಟ್ರ್ಯಾಕ್, ನಲವತ್ತು ನಿಮಿಷವೂ ಇಲ್ಲ. ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಡ್ಜ್ ವಸತಿ ಸಮುಚ್ಚಯದಲ್ಲಿ ಬೆಳೆದ ಇಪ್ಪತ್ತರ ಹುಡುಗ ತನ್ನ ಕಿಟಕಿಯಿಂದ ಕಂಡದ್ದನ್ನು ಪ್ರಾಸದ ಒಳಗೆ ಪ್ರಾಸ ಹೆಣೆದು ಹೇಳುತ್ತಾನೆ. ಎರಡು ಎಚ್ಚರಿಕೆ ಮೊದಲೇ ಕೊಡಿ: ಬೈಗುಳ ಧಾರಾಳವಾಗಿದೆ, ಮತ್ತು ಸಾಹಿತ್ಯವನ್ನು ಎದುರಿಗಿಟ್ಟುಕೊಂಡೇ ಮೊದಲ ಸಲ ಕೇಳಬೇಕು. ಹಿರಿಯರಿಗೆ ಕೊಡುವಾಗ ಬೈಗುಳದ ವಿಷಯ ಮುಚ್ಚಿಟ್ಟರೆ ಎರಡನೇ ನಿಮಿಷಕ್ಕೆ ನಿಲ್ಲಿಸುತ್ತಾರೆ. ಹೇಳಿಕೊಟ್ಟರೆ ತಡೆದುಕೊಂಡು ಮುಂದೆ ಹೋಗುತ್ತಾರೆ.

ಇದಕ್ಕೂ ಹೆದರುವವರಿಗೆ ಮಾರ್ವಿನ್ ಗೇಯ 'ವಾಟ್ಸ್ ಗೋಯಿಂಗ್ ಆನ್' (1971). ವಿಯೆಟ್ನಾಂ ಯುದ್ಧದಿಂದ ವಾಪಸಾದ ಅವನ ತಮ್ಮ ಹೇಳಿದ ಸಂಗತಿಗಳು ಇದರ ಹಿಂದಿವೆ. ಯುದ್ಧ, ಬಡತನ, ಹಾಳಾಗುತ್ತಿರುವ ಪರಿಸರ, ಎಲ್ಲ ಇದೆ, ಆದರೆ ದನಿ ಏರುವುದೇ ಇಲ್ಲ.

ಕಂಠಕ್ಕೆ ಸೋಲುವವರಿಗೆ

ಇಲ್ಲಿ ಹೆಚ್ಚು ವಿವರಣೆ ಬೇಕಾಗಿಲ್ಲ, ಕಂಠವೇ ಕೆಲಸ ಮಾಡುತ್ತದೆ. ಶರೀಫರ ಪದಗಳನ್ನು ಸಿ. ಅಶ್ವಥ್ ಎತ್ತರದ ಸ್ಥಾಯಿಯಲ್ಲಿ ಎಳೆದಾಗ ಮೈಮರೆಯುವವರಿಗೆ ನುಸ್ರತ್ ಫತೇ ಅಲಿ ಖಾನ್‌ರ 'ಶಹೆನ್‌ಶಾ' (1989) ಕೊಡಿ, ಅದು ಸಾಂಪ್ರದಾಯಿಕ ಕವ್ವಾಲಿ. ಗಿಟಾರ್, ಬೀಟ್ಸ್ ರೂಢಿಯಿರುವ ಕಿರಿಯರಿಗೆ ಅವರದೇ 'ಮಸ್ತ್ ಮಸ್ತ್' (1990) ಸುಲಭದ ಬಾಗಿಲು. ಆರೆಥಾ ಫ್ರಾಂಕ್ಲಿನ್‌ಳ 'ಅಮೇಜಿಂಗ್ ಗ್ರೇಸ್' (1972) ಲಾಸ್ ಏಂಜಲೀಸಿನ ಚರ್ಚೊಂದರಲ್ಲಿ ಜನರ ಎದುರು ಮುದ್ರಿಸಿದ್ದು. ಜನ ಕೂಗುವುದು, ಚಪ್ಪಾಳೆ ತಟ್ಟುವುದು ಎಲ್ಲ ಅದರಲ್ಲೇ ಇದೆ, ಅವರೂ ಹಾಡುಗಾರರೇ.

ಒಬ್ಬರ ಕೈ ಹಿಡಿದು ಹಲವು ನಾಡು

ಪ್ರಕಾರದಿಂದ ಪ್ರಕಾರಕ್ಕೆ ದಾಟಿಸಲು ನಾನು ಹೆಚ್ಚಾಗಿ ಬಳಸುವ ಉಪಾಯ ಇದು: ಇಷ್ಟವಾದ ಆಲ್ಬಮ್‌ನಲ್ಲಿ ನುಡಿಸಿದ ಒಬ್ಬರನ್ನು ಹಿಡಿದುಕೊಂಡು ಅವರು ಬೇರೆಲ್ಲಿ ನುಡಿಸಿದ್ದಾರೆ ಎಂದು ನೋಡುವುದು. ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಇದಕ್ಕೆ ಹೇಳಿ ಮಾಡಿಸಿದ ಉದಾಹರಣೆ. ವಿಶ್ವಮೋಹನ್ ಭಟ್ ಜೊತೆಗಿನ 'ಎ ಮೀಟಿಂಗ್ ಬೈ ದ ರಿವರ್' (1993) ಮೋಹನ ವೀಣೆ ಮತ್ತು ಗಿಟಾರ್‌ಗಳ ಮಾತುಕತೆ. ಮುದ್ರಣಕ್ಕೆ ಕೂರುವ ಸ್ವಲ್ಪ ಮುಂಚೆಯಷ್ಟೇ ಇಬ್ಬರೂ ಮೊದಲ ಸಲ ಭೇಟಿಯಾಗಿದ್ದು. ತಬಲಾ ಸುಖ್ವಿಂದರ್ ಸಿಂಗ್ ನಾಮಧಾರಿಯವರದು. ಇಬ್ಬರೂ ತಂತಿಯ ಮೇಲೆ ಜಾರಿಸಿ ನುಡಿಸುವವರು. ಒಬ್ಬರು ಮೀಂಡ್ ಎಳೆದರೆ ಇನ್ನೊಬ್ಬರು ಬ್ಲೂಸ್‌ನ ಜಾರುವಿಕೆಯಲ್ಲಿ ಉತ್ತರ ಕೊಡುತ್ತಾರೆ. ಯಾರದು ಯಾವುದು ಎಂದು ಬೇರ್ಪಡಿಸುತ್ತಾ ಕೇಳಲು ಹೇಳಿ.

ಅಲ್ಲಿಂದ ಕೂಡರ್ ಮಾಲಿ ದೇಶದ ಅಲಿ ಫರ್ಕಾ ತೂರೆ ಜೊತೆ ಮಾಡಿದ 'ಟಾಕಿಂಗ್ ಟಿಂಬಕ್ಟು' (1994). ಅಲ್ಲಿಂದ ಕ್ಯೂಬಾದ ಹಿರಿಯ ಗಾಯಕ ವಾದಕರನ್ನು ಹವಾನಾದ ಸ್ಟುಡಿಯೊದಲ್ಲಿ ಸೇರಿಸಿದ 'ಬ್ವೆನಾ ವಿಸ್ತಾ ಸೋಷಿಯಲ್ ಕ್ಲಬ್' (1997). ಆ ಯೋಜನೆಗೆ ಮಾಲಿಯ ಕಲಾವಿದರೂ ಬರಬೇಕಿತ್ತು, ಬರಲಾಗಲಿಲ್ಲ. ಹಾಗಾಗಿ ಅದು ಪೂರ್ತಿ ಕ್ಯೂಬಾದ ಆಲ್ಬಮ್ ಆಯಿತು. 1907ರಲ್ಲಿ ಹುಟ್ಟಿದ ಕಂಪಾಯ್ ಸೆಗುಂಡೊ ಅದರಲ್ಲಿ ಹಾಡುತ್ತಾನೆ. ಮೋಹನ ವೀಣೆಯಿಂದ ಹೊರಟವರು ಮೂರನೇ ಆಲ್ಬಮ್‌ಗೆ ಕ್ಯೂಬಾದಲ್ಲಿರುತ್ತಾರೆ, ಎಲ್ಲೂ ದಾರಿ ತಪ್ಪಿದೆವು ಅನ್ನಿಸುವುದಿಲ್ಲ.

ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಪ್ರಿಯರಿಗೂ ಇಂಥದೊಂದು ದಾರಿ ಇದೆ: ಅಮೆರಿಕದ ಜಾಝ್ ಕಲಾವಿದ ರುದ್ರೇಶ್ ಮಹಂತಪ್ಪ ಅವರ ಜೊತೆ ಮಾಡಿದ 'ಕಿನ್ಸ್‌ಮೆನ್' (2008). ಎರಡು ಆಲ್ಟೊ ಸ್ಯಾಕ್ಸೊಫೋನ್, ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರ್ ಶ್ರೀಜಿಯವರ ಮೃದಂಗ, ಜೊತೆಗೆ ಗಿಟಾರ್, ಬಾಸ್, ಡ್ರಮ್ಸ್. ಗಮಕ ಎಲ್ಲಿ ಬಂತೋ ಅಲ್ಲಿ ಗೋಪಾಲನಾಥರು ಎಂದು ಗುರುತು ಹಿಡಿಯಬಹುದು.

ಹೆದರಿಸುವ ಆಲ್ಬಮ್‌ಗಳು

ಮೆಟಲ್ ಎಂದರೆ ಕಿವಿ ಮುಚ್ಚುವವರಿಗೆ ಮೊದಲೇ ಅಬ್ಬರದ ಹಾಡು ಕೊಡಬೇಡಿ. ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್' (1986) ಆಲ್ಬಮ್‌ನ ಏಳನೇ ಟ್ರ್ಯಾಕ್ 'ಒರಾಯನ್' ಪೂರ್ತಿ ವಾದ್ಯಸಂಗೀತ, ಕೂಗಾಟ ಇಲ್ಲ. ನಡುವೆ ಎಲ್ಲ ತಣ್ಣಗಾಗಿ ಕ್ಲಿಫ್ ಬರ್ಟನ್‌ನ ಬಾಸ್ ಒಂದೇ ಮೆಲ್ಲಗೆ ನಡೆಯುವ ಜಾಗವಿದೆ. ಅದರಿಂದ ಶುರು ಮಾಡಿ ಹಿಂದಕ್ಕೆ ಬರಲಿ. ಆಮೇಲೆ ಮೂಲಕ್ಕೆ ಹೋಗುವ ಆಸೆಯಾದರೆ ಬ್ಲ್ಯಾಕ್ ಸಾಬತ್‌ನ ಮೊದಲ ಆಲ್ಬಮ್ (1970). ಮಳೆ, ಗಂಟೆಯ ಸದ್ದು, ಆಮೇಲೆ ಮೂರು ಸ್ವರದ ಗಿಟಾರ್ ರಿಫ್ (ಮತ್ತೆ ಮತ್ತೆ ಬರುವ ತುಣುಕು): ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿಮಧ್ಯಮ, ಅಂದರೆ ಏರಿಸಿದ 'ಮ'. ನಮ್ಮ ಕಲ್ಯಾಣಿ ರಾಗದಲ್ಲಿ ಹಿತವಾಗಿ ಕೇಳುವ ಅದೇ ಅಂತರ ಇಲ್ಲಿ ಬೆನ್ನುಹುರಿ ನಡುಗಿಸುತ್ತದೆ. ಗಿಟಾರ್ ನುಡಿಸಿದ ಟೋನಿ ಅಯೋಮಿ ಕಾರ್ಖಾನೆಯ ಅಪಘಾತದಲ್ಲಿ ಎರಡು ಬೆರಳ ತುದಿ ಕಳೆದುಕೊಂಡವನು, ಪ್ಲಾಸ್ಟಿಕ್ ತುದಿಗಳನ್ನು ತಾನೇ ಮಾಡಿಕೊಂಡು ನುಡಿಸುತ್ತಿದ್ದ.

ಹೆದರಿಸುವುದು ಅಬ್ಬರ ಮಾತ್ರವೇ ಆಗಬೇಕಿಲ್ಲ. ಪಾಶ್ಚಾತ್ಯ ಶಾಸ್ತ್ರೀಯವೆಂದರೆ ಪರೀಕ್ಷೆಗೆ ಕೂತಂತೆ ಬಿಗಿಯಾಗುವವರು ಇದ್ದಾರೆ. ಅವರಿಗೆ ಗ್ಲೆನ್ ಗೂಲ್ಡ್ ಪಿಯಾನೊದಲ್ಲಿ ನುಡಿಸಿದ ಬಾಖ್‌ನ 'ಗೋಲ್ಡ್‌ಬರ್ಗ್ ವೇರಿಯೇಷನ್ಸ್' ಕೊಡುತ್ತೇನೆ. ಮೊದಲಿಗೆ ಹಾಡಿನಂಥ ಒಂದು ಸಣ್ಣ ರಚನೆ, ಆರಿಯಾ, ಅದರ ಕೆಳಸ್ಥಾಯಿಯ ಆಧಾರದ ಮೇಲೆಯೇ 30 ರೂಪಗಳು, ಕೊನೆಗೆ ಮತ್ತೆ ಅದೇ ಆರಿಯಾ. ಕಲ್ಪನಾಸ್ವರದಲ್ಲಿ ಒಂದೇ ಎಡುಪ್ಪಿಗೆ (ಸಾಲು ಎತ್ತಿಕೊಳ್ಳುವ ಜಾಗಕ್ಕೆ) ಎಷ್ಟು ಬಗೆಯಲ್ಲಿ ಬರಬಹುದು ಎಂದು ಎಣಿಸುವವರಿಗೆ ಇದು ರುಚಿಸದೆ ಇರದು. ಗೂಲ್ಡ್ ಇದನ್ನು ಎರಡು ಸಲ, ಅದೇ 30ನೇ ಬೀದಿಯ ಸ್ಟುಡಿಯೊದಲ್ಲಿ ಮುದ್ರಿಸಿದ. 1955ರದ್ದು 38 ನಿಮಿಷ, ಇಪ್ಪತ್ತೆರಡರ ಹುಮ್ಮಸ್ಸು. 1981ರದ್ದು 51 ನಿಮಿಷ. ಆರಂಭದ ಆರಿಯಾ ಒಂದರಲ್ಲಿ ಎರಡು ನಿಮಿಷದೊಳಗೆ ಮುಗಿದರೆ, ಇನ್ನೊಂದರಲ್ಲಿ ಮೂರು ನಿಮಿಷ. ವಿಳಂಬ ಕಾಲ ಇಷ್ಟಪಡುವವರಿಗೆ ನಾನು ಎರಡನೆಯದನ್ನೇ ಕೊಡುವುದು, ನನಗೂ ಅದೇ ಪ್ರಿಯ. ಒಂದು ಮಾತು ಮೊದಲೇ ಹೇಳಿ: ನುಡಿಸುವಾಗ ಗೂಲ್ಡ್ ಗುನುಗುತ್ತಾನೆ, ಅದು ಮುದ್ರಣದಲ್ಲಿ ಕೇಳುತ್ತದೆ. ಹೇಳದೆ ಕೊಟ್ಟರೆ ತಮ್ಮ ಹೆಡ್‌ಫೋನ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಕೇಳುವ ಬಗೆಯನ್ನೇ ಬದಲಿಸುವ ಸಂಗತಿ ಕೆಲವು ಆಲ್ಬಮ್‌ಗಳ ಹಿಂದೆ ಇರುತ್ತದೆ, ಅದೊಂದನ್ನು ಹೇಳಿದರೆ ಸಾಕು. ಕೀತ್ ಜ್ಯಾರೆಟ್‌ನ 'ದ ಕೋಲ್ನ್ ಕನ್ಸರ್ಟ್' ಅಂಥದ್ದು. 1975ರ ಜನವರಿ 24ರ ರಾತ್ರಿ ಕೋಲ್ನ್ ಒಪೆರಾ ಮನೆಯಲ್ಲಿ ಅವನಿಗಾಗಿ ಇಟ್ಟಿದ್ದ ಪಿಯಾನೊ ತಪ್ಪು ಪಿಯಾನೊ: ಚಿಕ್ಕದು, ಮೇಲಿನ ಸ್ವರಗಳು ತಗಡು ಬಡಿದ ಹಾಗೆ, ಕೆಳಗಿನವಕ್ಕೆ ತೂಕವಿಲ್ಲ. ಕಾರ್ಯಕ್ರಮ ಏರ್ಪಡಿಸಿದ್ದ ಹದಿಹರೆಯದ ವೇರಾ ಬ್ರಾಂಡೆಸ್ ಬೇಡಿಕೊಂಡ ಮೇಲೆ ಅವನು ಕೂತ. ಬಹುಪಾಲು ನಡುವಿನ ಸ್ವರಗಳಲ್ಲೇ ಉಳಿದು, ಎಡಗೈಯಲ್ಲಿ ಒಂದೇ ನಡೆಯನ್ನು ಮತ್ತೆ ಮತ್ತೆ ನುಡಿಸಿ ತೂಕ ತಂದುಕೊಂಡ. ಹೆಚ್ಚುಕಡಿಮೆ ಎಲ್ಲ ಮನೋಧರ್ಮ, ಮೊದಲೇ ಬರೆದದ್ದಲ್ಲ. ಇಷ್ಟು ಗೊತ್ತಿದ್ದರೆ ಎಡಗೈ ಯಾಕೆ ಬಿಡದೆ ಸುತ್ತುತ್ತಿದೆ ಎಂದು ಕೇಳುಗರಿಗೆ ತಾನಾಗಿ ತಿಳಿಯುತ್ತದೆ.

"ಅಲ್ಲೊಂದು ಸೌಂಡ್" ಅನ್ನುವವರಿಗೆ ಬ್ರಯನ್ ಈನೋನ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' (1978). ಬೇರೆ ಬೇರೆ ಉದ್ದದ ಟೇಪ್ ಸುರುಳಿಗಳು ತಮ್ಮ ಪಾಡಿಗೆ ತಿರುಗುತ್ತಾ ಒಂದರ ಮೇಲೊಂದು ಬೀಳುತ್ತವೆ. ಗಮನ ಕೊಟ್ಟರೂ ಸರಿ, ಕೊಡದಿದ್ದರೂ ಸರಿ ಎಂಬಂತೆ ಅವನು ಮಾಡಿದ್ದು. ದನಿ ಸಣ್ಣಗೆ ಇಟ್ಟು ಕೇಳಲು ಹೇಳಿ.

ಕಳಿಸುವಾಗ

ಲಿಂಕ್ ಒಂದನ್ನೇ ಎಸೆಯಬೇಡಿ. ಮೂರು ಸಾಲು ಬರೆಯಿರಿ: ಯಾವ ಟ್ರ್ಯಾಕ್ ಮೊದಲು, ಯಾವುದಕ್ಕೆ ಕಿವಿಗೊಡಬೇಕು, ಯಾವುದು ಕಿರಿಕಿರಿಯಾಗಬಹುದು. ಆಲ್ಬಮ್ ಎಷ್ಟು ನಿಮಿಷದ್ದು ಎಂದೂ ಹೇಳಿ. ಉದ್ದ ಗೊತ್ತಿದ್ದರೆ ಜನ ಬಿಡುವು ಮಾಡಿಕೊಳ್ಳುತ್ತಾರೆ. ಮೊದಲ ದಿನ ಒಂದು ಸೈಡಿನಷ್ಟು ಕೇಳಿದರೂ ಆಯಿತು.

ಆ್ಯಪ್‌ನಲ್ಲಿ ಶಫಲ್ ಆಫ್ ಮಾಡಿಸಿ. ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಬೆಸೆಯುವ ಕ್ರಾಸ್‌ಫೇಡ್ ಇದ್ದರೆ ಅದನ್ನೂ ಆಫ್ ಮಾಡಿಸಿ. ಹೊಸ ಮುದ್ರಣಗಳ ಕೊನೆಗೆ ಬೇರೆ ಟೇಕ್‌ಗಳು, ಬಿಟ್ಟುಹೋದ ತುಣುಕುಗಳು ಸೇರಿರುತ್ತವೆ. 'ಕೈಂಡ್ ಆಫ್ ಬ್ಲೂ' ಐದು ಟ್ರ್ಯಾಕ್‌ಗೆ ಮುಗಿಯಿತು; ಆಮೇಲೆ 'ಫ್ಲಮೆಂಕೊ ಸ್ಕೆಚಸ್' ಇನ್ನೊಂದು ಸಲ ಬಂದರೆ ಅದು ಹೆಚ್ಚುವರಿ ಎಂದು ತಿಳಿಸಿ. ಎಲ್ಲಿ ನಿಲ್ಲಿಸಬೇಕೆಂದು ಹೇಳದಿದ್ದರೆ ಆಲ್ಬಮ್‌ನ ಮುಕ್ತಾಯವೇ ಅವರ ಕಿವಿಗೆ ಬೀಳುವುದಿಲ್ಲ.

ಕಳಿಸಿದ ಮೇಲೆ "ಕೇಳಿದ್ರಾ?" ಎಂದು ಬೆನ್ನು ಹತ್ತಬೇಡಿ. ಕೇಳಿದೆ ಎಂದು ಅವರಾಗಿ ಹೇಳಿದಾಗ "ಚೆನ್ನಾಗಿತ್ತಾ?" ಎಂದೂ ಕೇಳಬೇಡಿ, ಸಂಕೋಚಕ್ಕೆ ಹೌದು ಅನ್ನುತ್ತಾರೆ. ಎಲ್ಲಿ ನಿಲ್ಲಿಸಿದರು, ಯಾವ ಜಾಗವನ್ನು ಹಿಂದಕ್ಕೆ ಎಳೆದು ಮತ್ತೆ ಕೇಳಿದರು ಎಂದು ಕೇಳಿ. ಎರಡನೇ ಆಲ್ಬಮ್ ಆರಿಸಬೇಕಾದದ್ದು ಆ ಉತ್ತರದಿಂದ. ಹಿಡಿಸಲಿಲ್ಲ ಅಂದರೆ ವಾದಕ್ಕಿಳಿಯದೆ ಬೇರೆ ದಿಕ್ಕಿಗೆ ಹೋಗಿ.

ನನ್ನ ಅಕ್ಕನ ಮಗಳು ಹಿಪ್ ಹಾಪ್ ಬಿಟ್ಟು ಬೇರೇನೂ ಕೇಳದವಳು. 'ಇಲ್‌ಮ್ಯಾಟಿಕ್' ಕೇಳಿದ ಮೇಲೆ, "ಚಿಕ್ಕಮ್ಮ, ಮೂರನೇ ಹಾಡಿನ ಕೊನೆಗೆ ಯಾರೋ ಊದ್ತಾರಲ್ಲ, ಅದು ಸಖತ್ತಾಗಿದೆ" ಎಂದಳು. ಊದಿದ್ದು ನಾಸ್‌ನ ತಂದೆ ಓಲು ಡಾರಾ, ವಾದ್ಯ ಟ್ರಂಪೆಟ್‌ನಂಥ ಕಾರ್ನೆಟ್, ಆತ ಜಾಝ್ ಕಲಾವಿದ. ಅವಳ ಮುಂದಿನ ಆಲ್ಬಮ್ ಅಲ್ಲೇ ಗೊತ್ತಾಯಿತು: ಕೆಂಡ್ರಿಕ್ ಲಮಾರ್‌ನ 'ಟು ಪಿಂಪ್ ಎ ಬಟರ್‌ಫ್ಲೈ' (2015), ಕಮಾಸಿ ವಾಷಿಂಗ್ಟನ್, ರಾಬರ್ಟ್ ಗ್ಲಾಸ್ಪರ್‌ರಂಥ ಜಾಝ್ ಮಂದಿ ತುಂಬಿರುವ ಹಿಪ್ ಹಾಪ್. ಅದಾದ ಮೇಲೆ ಜಾಝ್‌ಗೆ ಹೋಗುವುದು ಅವಳಿಗೆ ಕಷ್ಟವಾಗದು.

ಭಾವ ಮಾತ್ರ 'ಸೋ ವಾಟ್'ನಲ್ಲಿ ಹಿಂದಕ್ಕೆಳೆದು ಮತ್ತೆ ಕೇಳಿದ್ದು ಕೋಲ್ಟ್ರೇನ್ ಭಾಗವನ್ನು. ಹಾಗಾಗಿ ಅವರಿಗೆ ಮುಂದಿನದು ಕೋಲ್ಟ್ರೇನ್‌ನ 'ಎ ಲವ್ ಸುಪ್ರೀಮ್' (1965), ನಾಲ್ಕು ಭಾಗ, ಸುಮಾರು 33 ನಿಮಿಷ. ದೇವರಿಗೆ ಒಪ್ಪಿಸಿದ ಆಲ್ಬಮ್ ಅದು. ಎಲ್‌ಪಿಯ ಕವಚದಲ್ಲಿ ಕೋಲ್ಟ್ರೇನ್ ಒಂದು ಪ್ರಾರ್ಥನಾ ಕವಿತೆ ಬರೆದಿದ್ದಾನೆ. ಕೊನೆಯ ಭಾಗ 'ಸಾಮ್'ನಲ್ಲಿ ಆ ಕವಿತೆಯನ್ನೇ ಅಕ್ಷರ ಅಕ್ಷರ ಸ್ಯಾಕ್ಸೊಫೋನ್‌ನಲ್ಲಿ ಹೇಳುತ್ತಾನೆ, ಬಾಯಿಂದ ಒಂದು ಪದವೂ ಇಲ್ಲ. ಕವಿತೆ ನೆಟ್‌ನಲ್ಲಿ ಸಿಗುತ್ತದೆ. ಅದನ್ನು ತೆರೆದಿಟ್ಟುಕೊಂಡು, ಸಾಲಿನ ಮೇಲೆ ಬೆರಳಿಟ್ಟು, ಸ್ಯಾಕ್ಸೊಫೋನ್ ಜೊತೆ ಓದುತ್ತಾ ಹೋಗಿ ಎಂದು ಬರೆದು ಕಳಿಸಿದ್ದೇನೆ.